ಕಹಿ ಕಳ್ಕೊಂಡ ನೆಗ್ರೋನಿ

ಬೇಸಿಗೆ ಬಂತು ಅಂದ್ರೆ ಬಾರ್ ಮೆನುಗಳಲ್ಲಿ ಕಲ್ಲಂಗಡಿ ನೆಗ್ರೋನಿ ಹಾಜರು. ಕುಡಿದು ನೋಡಿ, ಹೆಚ್ಚಿನವು ಬರೀ ಕೆಂಪು ಶರಬತ್ತು. ನೆಗ್ರೋನಿ ಲೆಕ್ಕದ ಡ್ರಿಂಕ್: ಜಿನ್, ಕ್ಯಾಂಪಾರಿ, ಸ್ವೀಟ್ ವರ್ಮೂತ್, ಮೂರೂ 30 ಎಂ.ಎಲ್. ಕ್ಯಾಂಪಾರಿಯ ಕಹಿಗೆ ವರ್ಮೂತ್‌ನ ಸಿಹಿ ಸರಿಸಮ ನಿಲ್ಲುತ್ತೆ. ಅದರ ಮೇಲೆ ಹಣ್ಣಿನ ರಸ ಸುರಿದರೆ ಸಿಹಿಯೂ ಜಾಸ್ತಿ, ನೀರೂ ಜಾಸ್ತಿ, ಕಲ್ಲಂಗಡಿಯಲ್ಲಿ ಶೇ. 90ಕ್ಕೂ ಹೆಚ್ಚು ನೀರೇ ತಾನೆ? ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕಿ ಹಾಕಿ ಪಾಯಸ ಮಾಡಿಟ್ಟ ಹಾಗೆ.

ಹಣ್ಣೇ ಬೇಡ ಅಂತಲ್ಲ. 1970ರ ದಶಕದಲ್ಲಿ ಕೌಲಾಲಂಪುರದ ಹಿಲ್ಟನ್ ಹೋಟೆಲ್‌ನಲ್ಲಿ ಹುಟ್ಟಿದ ಜಂಗಲ್ ಬರ್ಡ್ ನೋಡಿ: ರಮ್, ಅನಾನಸ್ ರಸ, ನಿಂಬೆ, ಸಕ್ಕರೆ ಪಾಕ, ಜೊತೆಗೆ ಕ್ಯಾಂಪಾರಿ. ಅಷ್ಟೆಲ್ಲ ಹಣ್ಣಿದ್ದರೂ ಕಹಿ ಕೊನೆಗೆ ನಾಲಿಗೆಗೆ ಸಿಕ್ಕೇ ಸಿಗುತ್ತೆ. ನಿಂಬೆಯ ಹುಳಿ ಸಿಹಿಯನ್ನು ಅಂಕೆಯಲ್ಲಿಡುತ್ತೆ.

ಮನೆಯಲ್ಲಿ ಮಾಡೋದಾದ್ರೆ ನನ್ನ ಓಟು ಸ್ಟ್ರಾಬೆರಿಗೆ. ನಾಲ್ಕೈದು ಹಣ್ಣು ಹೆಚ್ಚಿ ಒಂದು ಲೋಟ ಕ್ಯಾಂಪಾರಿಯಲ್ಲಿ ನೆನೆಹಾಕಿ, ಫ್ರಿಜ್ಜಲ್ಲಿಟ್ಟು, ಮಾರನೇ ದಿನ ಸೋಸಿ. ರಸ ಹಿಂಡೋ ಗೋಜಿಲ್ಲ, ಆಲ್ಕೋಹಾಲೇ ಪರಿಮಳ ಎಳ್ಕೊಳ್ಳುತ್ತೆ. ವರ್ಮೂತ್ ಮಾತ್ರ 20ಕ್ಕೆ ಇಳಿಸಿ; ಇದನ್ನು ಮರೆತರೆ ಮತ್ತೆ ಶರಬತ್ತೇ. ದೊಡ್ಡ ಐಸ್ ಹಾಕಿ ಕಲಕಿ, ಶೇಕ್ ಮಾಡ್ಬೇಡಿ. ಆಮೇಲೂ ಸಿಹಿ ಅನ್ನಿಸಿದ್ರೆ ವರ್ಮೂತ್ ಇನ್ನೂ 5 ಎಂ.ಎಲ್. ಕಮ್ಮಿ ಮಾಡಿ.