ಗೂಗೂಷ್ ಹಾಡು ಕೇಳುವ ಬಗೆ

ಕಲಬುರಗಿ ಸೀಮೆಯ ಮಹಾಗಾಂವದಂಥ ಊರಿನ ಕೇಳುಗರಿಗೆ ಪಾರಸಿ ತೀರಾ ಹೊರಗಿನದಲ್ಲ. ಕಲಬುರಗಿಯ ಬಹಮನಿ ದರ್ಬಾರು ನಡೆದದ್ದೇ ಆ ಭಾಷೆಯಲ್ಲಿ. ಸುಲ್ತಾನ ಎರಡನೆಯ ಮುಹಮ್ಮದ್ ಶಹಾ ಶಿರಾಜಿನ ಕವಿ ಹಾಫಿಜನಿಗೆ ಕರೆ ಕಳಿಸಿದ್ದ, ಹೊರಟ ಕವಿ ಹೋರ್ಮುಜಿನಲ್ಲಿ ಬಿರುಗಾಳಿಗೆ ಅಂಜಿ ಹಡಗಿನಿಂದ ಇಳಿದು, ಗಜಲೊಂದನ್ನು ಬರೆದು ಕಳಿಸಿ ಮನೆಗೆ ಮರಳಿದ ಎಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಅಂದು ಕವಿ ಬರಲಿಲ್ಲ. ಇಂದು ಆ ನುಡಿಯ ಹಾಡು ಅಂಗೈಯ ಮೊಬೈಲಿನಲ್ಲಿದೆ. ಹೊಸಬರು ಗೂಗೂಷ್‌ಳಿಂದ ಶುರು ಮಾಡುವುದು ಒಳ್ಳೆಯದು.

1950ರಲ್ಲಿ ತೆಹ್ರಾನಿನಲ್ಲಿ ಹುಟ್ಟಿದ ಫಾಯೆಗೆ ಆತಶೀನ್, ಕಸರತ್ತು ಮತ್ತು ಮನರಂಜನೆಯ ಕಲಾವಿದನಾಗಿದ್ದ ತಂದೆಯ ಜೊತೆ ತೀರ ಎಳವೆಯಲ್ಲೇ ರಂಗಕ್ಕೇರಿದಳು. 1970ರ ದಶಕದ ಹೊತ್ತಿಗೆ ಗೂಗೂಷ್ ಎಂಬ ಹೆಸರಿನಲ್ಲಿ ಇರಾನಿನ ಅತಿ ದೊಡ್ಡ ಪಾಪ್ ಗಾಯಕಿ. ಅವಳ ಕೂದಲಿನ ಕಟ್ಟನ್ನೂ ಹೆಂಗಸರು ಅನುಕರಿಸುತ್ತಿದ್ದರು.

ಮೊದಲು ಲಯ ಹಿಡಿಯಿರಿ. ಇರಾನಿನ ಕುಣಿತದ ಹಾಡುಗಳ ಜೀವಾಳ 'ಶೆಶೋ ಹಷ್ತ್' ಎಂಬ ಆರರ ನಡೆ. ದಾದರಾ ಬಲ್ಲವರ ಕೈ ತಾನಾಗಿಯೇ ತಾಳ ಹಾಕೀತು, ಆದರೆ ಇದರ ಓಟ ಚುರುಕು. ನಿಧಾನದ ಹಾಡುಗಳಲ್ಲಿ 'ಇಸ್ಫಹಾನ್' ಎಂಬ ಇರಾನಿ ರಾಗದ ಛಾಯೆ ಬಂದಾಗ ಹಿಂದೂಸ್ತಾನಿ ಕಿವಿಗೆ ಕಿರವಾಣಿ ರಾಗ ನೆನಪಾಗುತ್ತದೆ.

ಆಮೇಲೆ ದನಿ. ಇಲ್ಲಿ ಅದೇ ಕಾಲದ ಇನ್ನೊಬ್ಬ ಇರಾನಿ ಗಾಯಕಿ ಹಾಯೇದೆಯನ್ನೂ ಜೊತೆಗಿಟ್ಟುಕೊಂಡು ಕೇಳಬೇಕು. ಪಿಟೀಲು ವಿದ್ವಾಂಸ ಅಲಿ ತಜ್ವೀದಿಯ ಬಳಿ ಕಲಿತ ಹಾಯೇದೆಯದು ತುಂಬುಗಂಟಲು. ಸಾಲಿನ ಕೊನೆಗೆ 'ತಹ್ರೀರ್' ಎಂಬ ಗಂಟಲ ಕಂಪನ ಉಕ್ಕಿ ಬರುತ್ತದೆ. ಗೂಗೂಷ್ ಅದನ್ನು ಹದವಾಗಿ ಬಳಸುತ್ತಾಳೆ. ಮಾತನ್ನು ಮಾತಿನಂತೆಯೇ ನುಡಿದು, ಒಂದು ಪದದ ಮೇಲೆ ಉಸಿರು ತಡೆದು ಮುಂದೆ ಸಾಗುತ್ತಾಳೆ. ಈ ಸಂಯಮವೇ ಅವಳ ದೊಡ್ಡ ವಿದ್ಯೆ. ಭಾಷೆ ಬಾರದವರಿಗೂ ದುಃಖ ಎಲ್ಲಿದೆ ಎಂದು ಗೊತ್ತಾಗುವುದು ಅದರಿಂದಲೇ.

ಹಾಡಿನ ಹಿಂದಿನವರನ್ನು ಮರೆಯಬಾರದು. ಇರಜ್ ಜನ್ನತಿ ಅತಾಯಿ, ಶಹ್ಯಾರ್ ಘನ್ಬರಿ, ಅರ್ದಲಾನ್ ಸರ್ಫರಾಜ್ ಅವರಂಥ ಕವಿಗಳು ನಗರದ ಒಂಟಿತನವನ್ನು ಪಾಪ್ ಗೀತೆಗೆ ತಂದರು. ಅರ್ಮೇನಿಯನ್ ಮೂಲದ ವರೂಜಾನ್ ತಂತಿವಾದ್ಯಗಳ ಮೇಳವನ್ನು ದನಿಯ ಸುತ್ತ ಹೆಣೆದ. ಎರಡನೇ ಸಲ ಕೇಳುವಾಗ ಗಾಯಕಿಯನ್ನು ಬಿಟ್ಟು ಪಿಟೀಲುಗಳನ್ನೇ ಹಿಂಬಾಲಿಸಿ.

ಇರಾನಿನಲ್ಲಿ 1979ರ ಇಸ್ಲಾಮಿಕ್ ಕ್ರಾಂತಿಯ ಹೊತ್ತಿಗೆ ಗೂಗೂಷ್ ಅಮೆರಿಕದಲ್ಲಿದ್ದಳು. ಅನೇಕ ಕಲಾವಿದರು ದೇಶ ಬಿಡುತ್ತಿದ್ದಾಗ ಅವಳು ತಾಯ್ನಾಡಿಗೆ ಮರಳಿದಳು. ಗಂಡಸರೆದುರು ಹೆಣ್ಣು ಒಬ್ಬಳೇ ಹಾಡುವುದಕ್ಕೆ ನಿಷೇಧ ಬಿತ್ತು. ಮುಂದೆ 21 ವರ್ಷ ಸಭೆಯಲ್ಲಿ ಅವಳ ದನಿ ಕೇಳಲಿಲ್ಲ. ಅತ್ತ ಲಾಸ್ ಏಂಜಲೀಸ್ ಪಾರಸಿ ಪಾಪ್‌ನ ಹೊಸ ರಾಜಧಾನಿಯಾಯಿತು. ಅಲ್ಲಿ ಮುದ್ರಿಸಿದ ಕ್ಯಾಸೆಟ್ಟುಗಳು ಕದ್ದುಮುಚ್ಚಿ ಇರಾನಿನ ಮನೆಗಳಿಗೆ ಸೇರುತ್ತಿದ್ದವು. 1978ರಲ್ಲೇ ಊರು ಬಿಟ್ಟಿದ್ದ ಹಾಯೇದೆ ಮತ್ತೆ ಅದನ್ನು ಕಾಣದೆ 1990ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಳು.

ಗೂಗೂಷ್ ಇರಾನಿನಿಂದ ಹೊರಬಂದದ್ದು 2000ದಲ್ಲಿ, ಐವತ್ತರ ವಯಸ್ಸಿನಲ್ಲಿ. ಆ ಜುಲೈನಲ್ಲಿ ಟೊರಾಂಟೊದ ವೇದಿಕೆ ಏರಿದಳು, 'ಜರ್ತೋಶ್ತ್' ಆಲ್ಬಮ್ಮೂ ಅದೇ ವರ್ಷ ಬಂತು. ಈ ಕಾಲದ ದನಿಯಲ್ಲಿ ಹಳೆಯ ನುಣುಪು ಹುಡುಕುವುದು ತಪ್ಪು. ಅದು ಭಾರವಾಗಿದೆ, ಅಲ್ಲಲ್ಲಿ ಒರಟಾಗಿದೆ, ಆ ಒರಟಿಗೇ ಹೆಚ್ಚು ಬೆಲೆ.

ಹಾಗಾಗಿ 1975ರ 'ಪೋಲ್' ಹಾಡನ್ನು ಮೊದಲು ಕೇಳಿ, ಮರುದಿನ 'ಜರ್ತೋಶ್ತ್' ಹಾಕಿ. ಹೆಡ್‌ಫೋನ್ ಇರಲಿ, ಅವಸರ ಬೇಡ.