ಕಾರಿ ಹೆಗ್ಗಡೆಯ ಮಗಳಿಗೆ ಮೂರು ಮಟ್ಟು

ಕಳೆದ ತಿಂಗಳು ತುಮಕೂರಿನ ಒಂದು ಸಭೆಯಲ್ಲಿ ‘ಕಾರಿ ಹೆಗ್ಗಡೆಯ ಮಗಳು’ ಹಾಡಿದರು. ಒಳ್ಳೆಯ ಕಂಠ, ಕೊಳಲು, ತಬಲ, ಕೀಬೋರ್ಡು ಎಲ್ಲವೂ ಇದ್ದುವು. ಆದರೂ ನನಗೆ ಸಮಾಧಾನವಾಗಲಿಲ್ಲ. ದೋಣಿ ದಡ ಬಿಡುವುದಕ್ಕೇ ಹತ್ತು ನಿಮಿಷ ಹಿಡಿಯಿತು! ಕುದುರೆಯ ಮೇಲೆ ಜನ ಬೆನ್ನಟ್ಟಿ ಬರುತ್ತಿರುವಾಗ ಓಡಿಬಂದ ಪ್ರೇಮಿಗಳು ಸಾವಕಾಶವಾಗಿ ಆಲಾಪನೆಗೆ ಕೂತರೆ ಹೇಗೆ?

ಈ ಕಥನಗೀತ ಹುಟ್ಟಿದ್ದು ನಮ್ಮಲ್ಲಲ್ಲ. ಸ್ಕಾಟ್ಲೆಂಡಿನ ಥಾಮಸ್ ಕ್ಯಾಂಬೆಲ್ಲನ ‘ಲಾರ್ಡ್ ಅಲಿನ್ಸ್ ಡಾಟರ್’ 1809ರಲ್ಲಿ ಅಚ್ಚಾಯಿತು. 1888ರಲ್ಲಿ ಹೇಮಿಷ್ ಮಕನ್ ಎಂಬಾತ ಅದನ್ನು ಮೇಳಗಾಯನಕ್ಕೂ ವಾದ್ಯವೃಂದಕ್ಕೂ ಅಳವಡಿಸಿದ. ಕನ್ನಡಕ್ಕೆ ತಂದವರು ಬಿ.ಎಂ.ಶ್ರೀ, 1926ರ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಅದು ಸೇರಿತು. ಶ್ರೀಯವರು ಹುಟ್ಟಿದ್ದು 1884ರಲ್ಲಿ, ನಮ್ಮ ಜಿಲ್ಲೆಯದೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ.

ನಾನು ಇದನ್ನು ಮೊದಲು ಕೇಳಿದ್ದು ಕುಣಿಗಲ್ಲಿನಲ್ಲಿ, ಸೋದರತ್ತೆಯ ಬಾಯಲ್ಲಿ. ಆಕೆಗೆ ಇಂಗ್ಲಿಷಿನ ಗಂಧವಿರಲಿಲ್ಲ. ಅಕ್ಕಿ ಕೇರುತ್ತ ಹೇಳುತ್ತಿದ್ದರು. ಸಂಜೆ ಕುಮಾರವ್ಯಾಸನನ್ನು ಓದುವಾಗ ಯಾವ ನಡೆಯೋ ಇದಕ್ಕೂ ಅದೇ ನಡೆ. ಅದು ಆಕಸ್ಮಿಕವಲ್ಲವೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಹೆಜ್ಜೆ ಹಾಕುವ ಭಾಮಿನಿಯ ಗತಿಯನ್ನೇ ಶ್ರೀಯವರು ಇಲ್ಲಿ ಹಿಡಿದಿದ್ದಾರೆ. ಷಟ್ಪದಿಯ ಕಟ್ಟನ್ನು ಬಿಟ್ಟರು, ಓಟವನ್ನು ಉಳಿಸಿಕೊಂಡರು. ಪ್ರಾಸದ ಬೇಡಿ ಕಳಚಿದವರೆಂದು ಅವರನ್ನು ಹೊಗಳುತ್ತೇವಷ್ಟೆ. ಈ ಗೀತದ ಮೊದಲ ಪದ್ಯದ ಸಾಲುಗಳ ಎರಡನೆಯ ಅಕ್ಷರ ನೋಡಿ, ನಾಲ್ಕೂ ಕಡೆ ಡಕಾರವೇ! ಹಳೆಯ ಕಿವಿಗೆ ಬೇಕಾದದ್ದನ್ನು ಕೊಟ್ಟೇ ಹೊಸ ಕಥೆಯನ್ನು ಒಳಗೆ ಬಿಟ್ಟಿದ್ದಾರೆ. ಅತ್ತೆ ಅದನ್ನು ಅನುವಾದವೆಂದು ಎಂದೂ ಭಾವಿಸಲಿಲ್ಲ. ಕಡಲು ಕಾಣದ ನಮಗೆ ಆ ನೀರೆಂದರೆ ಮಳೆಗಾಲದ ಕುಣಿಗಲ್ ದೊಡ್ಡಕೆರೆ.

ಎರಡನೆಯ ಸಲ ಕೇಳಿದ್ದು ಗುಬ್ಬಿಯಲ್ಲಿ. ಶ್ರೀಯವರು ಹುಟ್ಟಿದ ವರ್ಷವೇ ನಾಟಕ ಕಂಪನಿ ಹುಟ್ಟಿದ ಊರು ಅದು. ಹಾರ್ಮೋನಿಯಂ ಹಿಡಿದ ಮುದುಕರೊಬ್ಬರು ರಂಗಗೀತೆಯ ಮಟ್ಟಿನಲ್ಲಿ, ಪಡುವ ದಿಬ್ಬದ ಗೌಡನಿಗೊಂದು ದನಿ, ಹುಡುಗಿಗೊಂದು ದನಿ, ದೋಣಿಯ ತೊರೆಯನಿಗೊಂದು ದನಿ ಮಾಡಿ ಹಾಡಿದರು. ಸ್ವಲ್ಪ ಅತಿಯಾಯಿತೆನ್ನಿ. ಆದರೆ ಇದು ಮಾತಿನ ಮೇಲೆ ನಿಂತ ಕಾವ್ಯವೆಂಬುದನ್ನು ಅವರು ಬಲ್ಲರು. ಬಿರುಗಾಳಿಗಿಂತ ತಂದೆಯ ಮುನಿಸಿಗೇ ಹೆಚ್ಚು ಅಂಜುವ ಹುಡುಗಿಯ ಮಾತು ಬಂದಾಗ ಹಾರ್ಮೋನಿಯಂ ನಿಲ್ಲಿಸಿ ಬರಿಯ ಮಾತಾಗಿ ಆಡಿದರು. ನನ್ನ ಮೈ ಜುಮ್ಮೆಂದಿತು.

ತುಮಕೂರಿನ ಗಾಯಕರು ಮಾಡಿದ ಇನ್ನೊಂದು ಕೆಲಸವನ್ನು ಮನ್ನಿಸುವುದು ಕಷ್ಟ. ಹೊನ್ನಿಗಾಗಿ ಅಲ್ಲ, ಈ ಹೆಣ್ಣಿಗಾಗಿ ದೋಣಿ ಹಾಕುತ್ತೇನೆಂದು ತೊರೆಯನು ಹೇಳುವ ಭಾಗವನ್ನೇ ಬಿಟ್ಟರು. ಕಾಲ ಸಾಲದೆಂದಿರಬಹುದು, ಆಲಾಪನೆಗೆ ಮಾತ್ರ ಸಾಕಷ್ಟು ಕಾಲವಿತ್ತು! ಈ ಕಥೆಯಲ್ಲಿ ಪ್ರೀತಿಸಿದವರು ಇಬ್ಬರು. ಅವರ ಪ್ರೀತಿಯನ್ನು ನಂಬಿದ ಮೂರನೆಯವನು ಅವನೊಬ್ಬನೇ. ಅವನ ಮಾತಿಲ್ಲದಿದ್ದರೆ ಉಳಿಯುವುದು ದೋಣಿ ಮುಳುಗಿದ ವಾರ್ತೆ.

ಗೌಡ, ಹೆಗ್ಗಡೆ ಎರಡೂ ನಮ್ಮ ಊರೊಡೆತನದ ಹೆಸರುಗಳು. ಹುಡುಗ ಯಾವುದರಲ್ಲಿ ಕಡಿಮೆ? ಕ್ಯಾಂಬೆಲ್ಲನೂ ಹೇಳಲಿಲ್ಲ, ಶ್ರೀಯವರೂ ಹೇಳಲಿಲ್ಲ. ಕೇಳುವವರು ತಮ್ಮ ತಮ್ಮ ಊರಿನ ಕಾರಣವನ್ನು ತಾವೇ ತುಂಬಿಕೊಳ್ಳುತ್ತಾರೆ. ಮನೆಬಿಟ್ಟು ಮದುವೆಯಾದ ಮಕ್ಕಳನ್ನು ಬೆನ್ನಟ್ಟಿ ಹೋಗುವ ತಂದೆಯರ ಸುದ್ದಿ ಇಂದಿಗೂ ಪತ್ರಿಕೆಯಲ್ಲಿ ಬರುತ್ತಿದೆ. ಅತ್ತೆ ಕೊನೆಯ ಭಾಗಕ್ಕೆ ಬಂದಾಗ, ದಡದಲ್ಲಿ ನಿಂತ ಹೆಗ್ಗಡೆ ಕ್ಷಮಿಸಿದೆನೆಂದು ಕೂಗುವಲ್ಲಿ, ದನಿ ತಗ್ಗಿಸುತ್ತಿರಲಿಲ್ಲ, ಎಳೆಯುತ್ತಲೂ ಇರಲಿಲ್ಲ. ಅದೇ ಓಟದಲ್ಲಿ ಮುಗಿಸಿ, ಮೊರದಲ್ಲಿದ್ದ ಕಲ್ಲನ್ನು ಆರಿಸಿ ಎಸೆಯುತ್ತಿದ್ದರು.