ಸುರುಳಿಗೆ ಒಪ್ಪುವ ಕೋಸು

ಕೋಸು ಕೊಳ್ಳುವಾಗ ನಾನು ಕಣ್ಣಿಗಿಂತ ಕೈಯನ್ನು ನಂಬುತ್ತೇನೆ. ಒಂದೇ ಗಾತ್ರದ ಎರಡನ್ನು ಎತ್ತಿ ನೋಡಿ, ಭಾರವಾದದ್ದನ್ನು ಚೀಲಕ್ಕೆ ಹಾಕುತ್ತೇನೆ. ಎಲೆಯ ಮೇಲೆ ಎಲೆ ಬಿಗಿಯಾಗಿ ಕೂತಿದ್ದರೆ ಬೆರಳಲ್ಲಿ ಒತ್ತಿದರೂ ಅದು ಜಗ್ಗುವುದಿಲ್ಲ. ಎಗ್ ರೋಲಿಗೆ ಬೇಕಾದದ್ದು ಈ ಗಟ್ಟಿ ಹಸಿರು ಕೋಸೇ.

ಎಗ್ ರೋಲ್ ಅಂದರೆ ಕೋಲ್ಕತ್ತದ ಪರೋಟ ಸುರುಳಿಯಲ್ಲ. ಅಮೆರಿಕದ ಚೀನೀ ಹೋಟೆಲುಗಳಲ್ಲಿ ಬೆಳೆದ ದಪ್ಪ ಮೈಯ ತಿಂಡಿ. ಮೊಟ್ಟೆ ಸೇರುವುದು ಹಾಳೆಯ ಹಿಟ್ಟಿಗೆ; ಹೂರಣದಲ್ಲಿ ಇರಲೇಬೇಕೆಂದಿಲ್ಲ. ಕರಿದಾಗ ಮೈತುಂಬ ಗುಳ್ಳೆ ಏಳುವ ಆ ಹಾಳೆಯ ಒಳಗೆ ಮೆತ್ತನೆಯ ಸೊಪ್ಪು ಇದ್ದೂ ಇಲ್ಲದಂತಾಗುತ್ತದೆ. ಹಸಿರು ಕೋಸಾದರೆ ಹಲ್ಲಿಗೆ ಎದುರು ನಿಲ್ಲುತ್ತದೆ. ಅದರ ತೂಕದಲ್ಲಿ ನೂರಕ್ಕೆ 90 ಪಾಲಿಗೂ ಹೆಚ್ಚು ನೀರೇ. ಎಳೆಎಳೆಯಾಗಿ ಹೆಚ್ಚಿ, ಉಪ್ಪು ಸವರಿ 20 ನಿಮಿಷ ಬಿಟ್ಟು ಹಿಂಡಿದರೆ ಬಟ್ಟಲ ತಳದಲ್ಲಿ ತಿಳಿಹಸಿರು ನೀರು ನಿಲ್ಲುತ್ತದೆ. ಆಮೇಲೆ ಜೋರು ಉರಿಯಲ್ಲಿ ಒಂದೆರಡು ಸಲ ಆಡಿಸಿದರೆ ಸಾಕು. ಹೆಚ್ಚು ಹೊತ್ತು ಬೆಂದರೆ ಅದೇ ಕೋಸು ಗಂಧಕದ ವಾಸನೆ ಬಿಟ್ಟು ಅಡುಗೆಮನೆಯನ್ನೆಲ್ಲ ಕೆಡಿಸುತ್ತದೆ. ಕೆಂಪು ಕೋಸು ನೋಡಲು ಚಂದ, ಆದರೆ ಬಣ್ಣ ಬಿಟ್ಟು ಜೊತೆಯ ತರಕಾರಿಯನ್ನೆಲ್ಲ ನೀಲಿಗಟ್ಟಿಸುತ್ತದೆ. ಅದನ್ನು ನಾನು ಹಾಕುವುದಿಲ್ಲ.

ನನ್ನ ಮನಸ್ಸು ಹೆಚ್ಚು ಒಲಿದಿರುವುದು ಶಾಂಘೈ ಕಡೆಯ ಸ್ಪ್ರಿಂಗ್ ರೋಲಿಗೆ. ವಸಂತದ ಹಬ್ಬದಲ್ಲಿ ಮಾಡುವ ಈ ತೆಳು ಸುರುಳಿಗೆ ಬೇಕಾದದ್ದು ನಾಪಾ ಕೋಸು. ಉದ್ದನೆಯ ಮೈ, ಅಗಲವಾದ ಬಿಳಿ ದಂಟು, ಅಂಚಿಗೆ ನೆರಿಗೆಯಿಟ್ಟ ತಿಳಿಹಳದಿ ಎಲೆ. ಹೆಸರು ಕೋಸಾದರೂ ಕುಲದಲ್ಲಿ ಅದು ಟರ್ನಿಪ್ ಗಡ್ಡೆಯ ಒಡಹುಟ್ಟು. ಚಳಿ ಬಿದ್ದಮೇಲೆ ಕಿತ್ತದ್ದಕ್ಕೆ ಸಿಹಿ ಹೆಚ್ಚು. ಹಿಮದ ಹೊಡೆತ ತಡೆಯಲು ಗಿಡವೇ ಎಲೆಯಲ್ಲಿ ಸಕ್ಕರೆ ಕೂಡಿಟ್ಟುಕೊಳ್ಳುತ್ತದೆ.

ಇದನ್ನು ಹಿಂಡಬಾರದು. ಮೊದಲು ದಂಟಿನ ಚೂರು ಬಾಣಲೆಗೆ, ಅದು ಗಾಜಿನಂತೆ ಹೊಳೆದ ಮೇಲೆ ಎಲೆ. ಶಾಂಘೈಯವರು ಹಂದಿಮಾಂಸದ ಸಣ್ಣ ಎಳೆ ಸೇರಿಸುತ್ತಾರೆ. ನಾನು ನೆನೆಸಿದ ಶಿಟಾಕೆ ಅಣಬೆಗೆ ನಿಲ್ಲಿಸುತ್ತೇನೆ. ಕೋಸು ತನ್ನ ರಸವನ್ನೆಲ್ಲ ಬಿಟ್ಟುಕೊಟ್ಟಾಗ, ನೀರಲ್ಲಿ ಕದಡಿದ ಕಾರ್ನ್‌ಫ್ಲೋರ್ ಸುರಿದರೆ ಆ ರಸ ಅಲ್ಲೇ ಮಂದವಾಗಿ ಎಲೆಗೆ ಅಂಟಿಕೊಳ್ಳುತ್ತದೆ. ಬಿಸಿ ಹೂರಣ ಸುತ್ತಿದರೆ ಆವಿಗೆ ಹಾಳೆ ನೆನೆದು ಹರಿಯುತ್ತದೆ, ಹಾಗಾಗಿ ರಾತ್ರಿ ಮಾಡಿ ಫ್ರಿಜ್ಜಿನಲ್ಲಿಡುತ್ತೇನೆ. ಬೆಳಿಗ್ಗೆ ಅದು ಚಮಚಕ್ಕೆ ಹಲ್ವದಂತೆ ಇಡಿಯಾಗಿ ಬರುತ್ತದೆ.

ಎಣ್ಣೆಯ ಕಾವಿಗೆ ಆ ಹೆಪ್ಪು ಮತ್ತೆ ಸಡಿಲವಾಗುತ್ತದೆ. ಕಚ್ಚಿದರೆ ಹೊರಗೆ ಹಪ್ಪಳದಷ್ಟು ಗರಿ. ಒಳಗಿನಿಂದ ನಾಲಗೆ ಸುಡುವಷ್ಟು ಬಿಸಿಯಾಗಿ, ಚಳಿಗಾಲದ ಸಿಹಿಯ ಕೋಸಿನ ರಸ.